ಏರಿದ ಗೇರಿನಲ್ಲೇ ಇಳಿಯುವುದು: 1967ರ ಫಿಯೆಟ್ ಕಾರಿನ ನೀಲಗಿರಿ ಪ್ರವಾಸದ ಪ್ರಕರಣ ಅಧ್ಯಯನ

ಕಳೆದ ಫೆಬ್ರುವರಿಯ ಕೊನೆಯ ವಾರದಲ್ಲಿ ನಮ್ಮ ಮನೆಯ 1967ರ ಫಿಯೆಟ್ 1100 ಡಿಲೈಟ್ ಕಾರನ್ನು ತೀರ್ಥಹಳ್ಳಿಯಿಂದ ನೀಲಗಿರಿಗೆ ಒಯ್ದು, ಆರು ದಿನಗಳಲ್ಲಿ ಸುಮಾರು ಒಂದು ಸಾವಿರ ಕಿಲೋಮೀಟರ್ ಸುತ್ತಿ ಮನೆಗೆ ತಂದೆವು. ಮೈಸೂರು, ಬಂಡೀಪುರ, ಗೂಡಲೂರು, ಊಟಿ, ಕೂನೂರು, ಮೆಟ್ಟುಪಾಳಯಂ, ಸತ್ಯಮಂಗಲ, ದಿಂಬಂ ಘಾಟಿ, ಚಾಮರಾಜನಗರ, ಮತ್ತೆ ಮೈಸೂರು, ಇದು ನಾವು ಹಿಡಿದ ದಾರಿ. ಕಾರಿನಲ್ಲಿ ಮೂವರಿದ್ದೆವು: ನಾನು, ಭಾವ ಮತ್ತು ಎಪ್ಪತ್ತೊಂಬತ್ತು ವರ್ಷದ ಅಪ್ಪಯ್ಯ. ದಾರಿಯಲ್ಲಿ ಕಾರು ಎರಡು ಬಾರಿ ಗಂಭೀರವಾಗಿ ತೊಂದರೆ ಕೊಟ್ಟಿತು. ಆ ಎರಡೂ ತೊಂದರೆಗಳ ಮೂಲ ಕಾರಿನ ಹಳೆಯ ಭಾಗಗಳಲ್ಲಿ ಇರಲಿಲ್ಲ. ಪ್ರವಾಸಕ್ಕೆಂದೇ ಹೊರಡುವ ವಾರದಲ್ಲಿ ನಾವು ಹೊಸದಾಗಿ ಹಾಕಿಸಿದ ಭಾಗಗಳಲ್ಲಿತ್ತು. ಹಳೆಯ ಕಾರನ್ನು ಬೆಟ್ಟದ ದಾರಿಗೆ ಒಯ್ಯಬೇಕೆಂದಿರುವವರಿಗೆ ಉಪಯೋಗವಾದೀತೆಂದು, ನಾವು ಮಾಡಿದ ತಪ್ಪುಗಳನ್ನೂ ಸೇರಿಸಿ, ನಡೆದದ್ದನ್ನು ನಡೆದಂತೆಯೇ ಇಲ್ಲಿ ದಾಖಲಿಸುತ್ತಿದ್ದೇನೆ.

ಕಾರು ಮತ್ತು ಸಿದ್ಧತೆ

ಮುಂಬಯಿಯ ಕುರ್ಲಾದಲ್ಲಿ ತಯಾರಾದ ಈ ಕಾರಿನದು 1089 ಸಿಸಿಯ, ಸುಮಾರು 40 ಅಶ್ವಶಕ್ತಿಯ ನಾಲ್ಕು ಸಿಲಿಂಡರಿನ ಎಂಜಿನ್. ಗೇರಿನ ಕೋಲು ಸ್ಟಿಯರಿಂಗ್ ಕಂಬದ ಮೇಲಿದೆ. ನಾಲ್ಕು ಗೇರುಗಳಲ್ಲಿ ಮೊದಲನೆಯದಕ್ಕೆ ಸಿಂಕ್ರೊಮೆಶ್ ಇಲ್ಲ, ಅಂದರೆ ಕಾರು ಹೆಚ್ಚುಕಡಿಮೆ ನಿಂತಾಗ ಮಾತ್ರ ಅದು ಸದ್ದಿಲ್ಲದೆ ಬೀಳುತ್ತದೆ. ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್ (ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಒಳಗಿನಿಂದ ಶೂಗಳು ಒತ್ತಿ ನಿಲ್ಲಿಸುತ್ತವೆ, ಶೂವಿನ ಮೇಲೆ ಉಜ್ಜುವ ಪದರವೇ ಲೈನಿಂಗ್), ಅವೆಲ್ಲಕ್ಕೂ ಸೇರಿ ಒಂದೇ ಬ್ರೇಕ್ ಆಯಿಲ್ ಮಾರ್ಗ. ಎಲ್ಲೇ ಸೋರಿದರೂ ನಾಲ್ಕೂ ಚಕ್ರಗಳ ಬ್ರೇಕ್ ಹೋಗುತ್ತದೆ. ಖಾಲಿ ಕಾರಿನ ತೂಕ ಸುಮಾರು 900 ಕಿಲೋ. ಈ ನಾಲ್ಕು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ನಡೆದದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಕಾನೂನಿನ ವಿಷಯವನ್ನು ಮೊದಲೇ ಹೇಳಿ ಮುಗಿಸುತ್ತೇನೆ. 2021ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಹೊರಡಿಸಿದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಖಾಸಗಿ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಿ ‘ವಿಎ’ ಅಕ್ಷರಗಳ ಫಲಕ ಪಡೆಯಬಹುದು; ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಇಂಥ ಉದ್ದೇಶಗಳಿಗೆ ಬಿಟ್ಟು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಅಪ್ಪಯ್ಯ ಈಗಲೂ ವಾರಕ್ಕೊಮ್ಮೆ ಇದೇ ಕಾರಿನಲ್ಲಿ ಅಡಿಕೆ ಮಂಡಿಗೆ ಹೋಗುವುದರಿಂದ ನಾವು ವಿಎ ಫಲಕಕ್ಕೆ ಹೋಗದೆ, ಸಾಮಾನ್ಯ ನೋಂದಣಿಯನ್ನೇ ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸುತ್ತ ಬಂದಿದ್ದೇವೆ. ಕುಟುಂಬದ ಪ್ರವಾಸಕ್ಕೆ ಹೊರಡುವವರು ತಮ್ಮ ಕಾರಿನ ಫಲಕ ಯಾವುದು ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ಎಂಜಿನ್ ಸುಸ್ಥಿತಿಯಲ್ಲಿತ್ತು. 2000ದಲ್ಲಿ ಸೀಸಬೆರೆತ ಪೆಟ್ರೋಲ್ ದೇಶದಲ್ಲಿ ನಿಂತ ಮೇಲೆ ಇಂಥ ಎಂಜಿನ್‌ಗಳ ವಾಲ್ವ್ ಸೀಟುಗಳು (ವಾಲ್ವ್ ಮುಚ್ಚಿದಾಗ ಕೂರುವ ಅಂಚುಗಳು) ಸವೆಯುವ ಭಯವಿತ್ತು. ಹಿಂದಿನ ಓವರ್‌ಹಾಲ್ ವೇಳೆಯಲ್ಲಿಯೇ ಗಟ್ಟಿ ಸೀಟುಗಳನ್ನು ಕೂರಿಸಲಾಗಿತ್ತು. ಈಗಿನ ಚಿಂತೆ ಎಥನಾಲ್. ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಹಳೆಯ ಕಾಲದ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಆಮೇಲೆ ಅದು ಬಿರಿಯುತ್ತದೆ. ಹೀಗಾಗಿ ಟ್ಯಾಂಕಿನಿಂದ, ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬ್ಯುರೇಟರಿನವರೆಗಿನ ರಬ್ಬರ್ ಪೈಪುಗಳನ್ನೆಲ್ಲ ಎಥನಾಲ್ ತಾಳುವ ಪೈಪುಗಳಿಗೆ ಬದಲಾಯಿಸಿದೆವು. ರೇಡಿಯೇಟರನ್ನು ಬಿಚ್ಚಿಸಿ, ಕೊಳವೆಗಳಲ್ಲಿ ಕಟ್ಟಿದ್ದ ಕೆಸರನ್ನು ತೆಗೆಸಿ, ಸ್ಪ್ರಿಂಗ್ ಸಡಿಲವಾಗಿದ್ದ ಮುಚ್ಚಳವನ್ನೂ ಬದಲಾಯಿಸಿದೆವು. ಸುಮಾರು 2,240 ಮೀಟರ್ ಎತ್ತರದ ಊಟಿಯಲ್ಲಿ ನೀರು 92–93 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳ ಒತ್ತಡ ಹಿಡಿಯದಿದ್ದರೆ ಬಯಲಿನಲ್ಲಿ ಎಂದೂ ಕುದಿಯದ ರೇಡಿಯೇಟರ್ ಅಲ್ಲಿ ಕುದಿಯುತ್ತದೆ. ಇದನ್ನು ಮಾಡಿಸಿದ್ದು ಒಳ್ಳೆಯದಾಯಿತು, ಇಡೀ ಪ್ರವಾಸದಲ್ಲಿ ನೀರಿನ ಕಾಟ ನಮಗೆ ಬರಲೇ ಇಲ್ಲ.

ಬ್ರೇಕಿನ ವಿಷಯದಲ್ಲಿ ಮೇಸ್ತ್ರಿ ಹೇಳಿದ ಒಂದು ಮಾತನ್ನು ಕೇಳಿದೆ, ಇನ್ನೊಂದನ್ನು ಕೇಳಲಿಲ್ಲ. ಬ್ರೇಕ್ ಆಯಿಲ್ ಪೂರ್ತಿ ಬದಲಾಯಿಸಲೇಬೇಕು ಎಂದರು, ಬದಲಾಯಿಸಿದೆವು. ಈ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 3 ಎಣ್ಣೆ ಕನಿಷ್ಠ 205 ಡಿಗ್ರಿಯವರೆಗೆ ಕುದಿಯದೆ ನಿಲ್ಲಬೇಕಾದರೆ, ತೇವ ಹೀರಿದ ಅದೇ ಎಣ್ಣೆಗೆ ನಿಗದಿಯಾದ ಮಿತಿ 140 ಡಿಗ್ರಿ ಮಾತ್ರ. ಎರಡನೆಯ ಮಾತು: “ಲೈನಿಂಗ್ ಇನ್ನೂ ಅರ್ಧಕ್ಕಿಂತ ಜಾಸ್ತಿ ಇದೆ, ಇವು ಡ್ರಮ್ಮಿಗೆ ಚೆನ್ನಾಗಿ ಕೂತಿವೆ, ಈಗ ಮುಟ್ಟೋದು ಬೇಡ.” ದೂರದ ಪ್ರಯಾಣಕ್ಕೆ ಎಲ್ಲವೂ ಹೊಸದಿರಲಿ ಎಂಬ ಹಟದಿಂದ ನಾನು, ಹೊರಡಲು ಮೂರು ದಿನವಿದ್ದಾಗ ನಾಲ್ಕೂ ಚಕ್ರಗಳಿಗೆ ಹೊಸ ಲೈನಿಂಗ್ ಹಾಕಿಸಿದೆ.

ಗೂಡಲೂರಿನಿಂದ ಊಟಿಗೆ

ಮೊದಲ ದಿನ ಕೊಪ್ಪ, ಚಿಕ್ಕಮಗಳೂರು, ಹಾಸನದ ಮೇಲೆ ಮೈಸೂರು ತಲುಪಿದ್ದರಲ್ಲಿ ಹೇಳುವಂಥದ್ದೇನೂ ಇಲ್ಲ. ಎರಡನೆಯ ದಿನ ಗುಂಡ್ಲುಪೇಟೆ ದಾಟಿ ಬಂಡೀಪುರ ಸೇರಿದೆವು. ಆ ಕಾಡಿನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿರುವುದರಿಂದ, ಹಳೆಯ ಕಾರಿನವರು ಕೆಟ್ಟು ನಿಲ್ಲುವುದಕ್ಕೂ ಸಮಯ ಲೆಕ್ಕ ಹಾಕಿಕೊಂಡೇ ಹೊರಡಬೇಕು. ನೀಲಗಿರಿ ಜಿಲ್ಲೆಗೆ ಹೊರಗಿನ ವಾಹನಗಳಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಬೇಕು, ಅದನ್ನು ಮನೆಯಲ್ಲೇ ತೆಗೆದುಕೊಂಡಿದ್ದೆವು. ಅಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿಗೂ ನಿಷೇಧವಿದೆ, ಗಡಿಯ ತನಿಖಾ ಠಾಣೆಯಲ್ಲಿ ಕೇಳುತ್ತಾರೆ. ಆದ್ದರಿಂದ ರೇಡಿಯೇಟರಿಗೆಂದು ಹತ್ತು ಲೀಟರ್ ನೀರನ್ನು ಹಾಲಿನ ಅಲ್ಯುಮಿನಿಯಂ ಕ್ಯಾನಿನಲ್ಲಿ ತುಂಬಿಕೊಂಡಿದ್ದೆವು. ಆ ನೀರು ಕೊನೆಗೆ ಬೇರೆಯದೇ ಕೆಲಸಕ್ಕೆ ಬಂತು.

ತೆಪ್ಪಕಾಡಿನಲ್ಲಿ ದಾರಿ ಎರಡಾಗುತ್ತದೆ. ಎಡಕ್ಕೆ ಮಸಿನಗುಡಿ, ಕಲ್ಹಟ್ಟಿಯ ಮೇಲೆ ಹತ್ತಿರದ ದಾರಿ, ಅದರಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಬಲಕ್ಕೆ ಗೂಡಲೂರಿನ ಮೇಲೆ ಮೂವತ್ತು ಕಿಲೋಮೀಟರಿಗೂ ಹೆಚ್ಚು ಸುತ್ತಾಗುವ ದಾರಿ. ಎರಡರಲ್ಲೂ ಏರುವ ಎತ್ತರ ಹೆಚ್ಚುಕಡಿಮೆ ಒಂದೇ, ಸುಮಾರು 1,200 ಮೀಟರ್. ಗೂಡಲೂರಿನಿಂದ ಅದು ಐವತ್ತು ಕಿಲೋಮೀಟರಿನಲ್ಲಿ ಹಂಚಿಹೋಗಿದೆ, ಮಸಿನಗುಡಿಯಿಂದ ಮೂವತ್ತರಲ್ಲಿ ಮುಗಿಯಬೇಕು, ಅದರಲ್ಲೂ ಹೆಚ್ಚಿನ ಪಾಲು ಕೊನೆಯ ಹತ್ತು ಹನ್ನೆರಡು ಕಿಲೋಮೀಟರಿನಲ್ಲಿದೆ. ಸಾವಿರ ಮೀಟರ್ ಏರಿದಂತೆ ಎಂಜಿನ್ ತನ್ನ ಶಕ್ತಿಯ ಸುಮಾರು ಹತ್ತನೆಯ ಒಂದು ಭಾಗವನ್ನು ಕಳೆದುಕೊಳ್ಳುವುದರಿಂದ, ನಮ್ಮ 40 ಅಶ್ವಶಕ್ತಿ ಊಟಿಯ ಹೊತ್ತಿಗೆ ಮೂವತ್ತರ ಆಸುಪಾಸಿಗೆ ಇಳಿದಿರುತ್ತದೆ. ಗೂಡಲೂರಿನ ದಾರಿಯನ್ನೇ ಆರಿಸಿದ್ದು ಸರಿಯಾದ ತೀರ್ಮಾನ ಎಂದು ಈಗಲೂ ನಂಬಿದ್ದೇನೆ.

ಇಲ್ಲಿ ಕಾರ್ಬ್ಯುರೇಟರ್ ಬಗ್ಗೆ ಒಂದು ಮಾತು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ಪೆಟ್ರೋಲಿನ ಪಾಲು ಹೆಚ್ಚಾಗುತ್ತದೆ, ಆದ್ದರಿಂದ ಸಣ್ಣ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ಭಾಗ) ಹಾಕಿಕೊಂಡು ಹೋಗಬೇಕು ಎಂಬುದು ಹಳಬರ ಪದ್ಧತಿ. ಆದರೆ ಎಥನಾಲ್ ತನ್ನಲ್ಲೇ ಆಮ್ಲಜನಕ ಹೊಂದಿರುವುದರಿಂದ ಶೇಕಡ 20ರ ಮಿಶ್ರಣದಲ್ಲಿ ಅದೇ ಜೆಟ್ ಏಳೆಂಟು ಪ್ರತಿಶತ ಕಡಿಮೆ ಇಂಧನ ಕೊಟ್ಟಂತಾಗುತ್ತದೆ. ಮೈಸೂರಿನಿಂದ ಊಟಿಗೆ ಏರಿದಾಗ ಗಾಳಿ ತೆಳುವಾಗಿ ಪೆಟ್ರೋಲಿನ ಪಾಲು ಹೆಚ್ಚಾಗುವುದೂ ಹತ್ತಿರ ಹತ್ತಿರ ಅಷ್ಟೇ. ಒಂದನ್ನು ಇನ್ನೊಂದು ಸರಿದೂಗಿಸಿತು. ಬಯಲಿನಲ್ಲಿ ತುಸು ಬಿಸಿಯಾಗಿ ಓಡುತ್ತಿದ್ದ ಎಂಜಿನ್ ಊಟಿಯಲ್ಲಿ ಬಹಳ ನಯವಾಗಿ ಓಡಿತು, ಜೆಟ್ ಮುಟ್ಟುವ ಅಗತ್ಯವೇ ಬೀಳಲಿಲ್ಲ.

ಗೂಡಲೂರು ಬಿಟ್ಟ ಮೇಲೆ ಎರಡನೆಯ ಗೇರಿನಲ್ಲಿ ಗಂಟೆಗೆ ಇಪ್ಪತ್ತೈದು ಮೂವತ್ತರ ವೇಗದಲ್ಲಿ ಏರಿದೆವು. ಮೂರನೆಯ ಗೇರಿನಲ್ಲಿ ಎಂಜಿನ್ ಉಸಿರುಗಟ್ಟಿ ಎಳೆಯುವುದಕ್ಕಿಂತ ಎರಡರಲ್ಲಿ ಹಗುರವಾಗಿ ತಿರುಗುವುದು ಮೇಲು, ಏಕೆಂದರೆ ನೀರಿನ ಪಂಪೂ ಫ್ಯಾನೂ ಎಂಜಿನ್ನಿನ ಜೊತೆಗೇ ಜೋರಾಗಿ ತಿರುಗುತ್ತವೆ. ನಡುವಟ್ಟಂ ಸಮೀಪಿಸುವಾಗ ರಸ್ತೆ ಕೆಲಸದ ಕಾರಣ ವಾಹನಗಳ ಸಾಲು ನಿಂತಿತ್ತು. ಎಂಜಿನ್ ನಿಲ್ಲಿಸದೆ ಕಾಲು ಗಂಟೆ ಕಾದೆವು. ಸಾಲು ಹೊರಟಾಗ ಕಾರು ಇಪ್ಪತ್ತು ಮಾರು ಹೋಗಿ, ಎರಡು ಬಾರಿ ಮುಗ್ಗರಿಸಿ ನಿಂತಿತು. ಸ್ಟಾರ್ಟರ್ ಚೆನ್ನಾಗಿ ತಿರುಗುತ್ತಿತ್ತು, ಎಂಜಿನ್ ಮಾತ್ರ ಹಿಡಿಯಲಿಲ್ಲ.

ಭಾವನೂ ನಾನೂ ಕಿಡಿಗೆ ವಿದ್ಯುತ್ ಒದಗಿಸುವ ಕಾಯಿಲನ್ನೇ ಶಂಕಿಸಿದೆವು. ಹಳೆಯ ಇಗ್ನಿಷನ್ ಕಾಯಿಲ್ ಕಾದಾಗ ಕೈಕೊಟ್ಟು ತಣಿದಾಗ ಮತ್ತೆ ಕೆಲಸ ಮಾಡುವುದು ಎಲ್ಲರಿಗೂ ಗೊತ್ತಿರುವ ಸಂಗತಿ, ಮತ್ತು ಈ ಕಾರಿನ ಕಾಯಿಲ್ ಇಪ್ಪತ್ತು ವರ್ಷಕ್ಕೂ ಹಳೆಯದು. ಕಾರನ್ನು ಬದಿಗೆ ತಳ್ಳಿ, ಚಕ್ರಕ್ಕೆ ಮರದ ತುಂಡು ಕೊಟ್ಟು, ಜೊತೆಗೆ ತಂದಿದ್ದ ಹೊಸ ಕಾಯಿಲನ್ನು ಇಪ್ಪತ್ತೈದು ನಿಮಿಷದಲ್ಲಿ ಹಾಕಿದೆವು. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಕಾರಣ ಸಿಕ್ಕಿತೆಂದು ಸಮಾಧಾನದಿಂದ ಹೊರಟೆವು. ಪೈಕಾರದ ಹತ್ತಿರ, ಮಧ್ಯಾಹ್ನದ ಬಿಸಿಲಿನಲ್ಲಿ ಚಹಾಕ್ಕೆಂದು ನಿಲ್ಲಿಸಿ ಹೊರಡುವಾಗ ಮತ್ತೆ ಅದೇ ರೀತಿ ಮುಗ್ಗರಿಸಿ ನಿಂತಿತು.

ಈ ಬಾರಿ ಮೊದಲು ಮಾಡಬೇಕಾಗಿದ್ದ ಪರೀಕ್ಷೆಗಳನ್ನು ಕ್ರಮವಾಗಿ ಮಾಡಿದೆವು. ಕಿಡಿಯನ್ನು ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ನಡುವಿನ ವಯರನ್ನು ತೆಗೆದು ಲೋಹಕ್ಕೆ ಹತ್ತಿರ ಹಿಡಿದು ತಿರುಗಿಸಿದಾಗ ನೀಲಿ ಕಿಡಿ ಗಟ್ಟಿಯಾಗಿ ಹಾರಿತು. ಅದನ್ನು ಮರಳಿ ಸಿಕ್ಕಿಸಿ, ಐದು ನಿಮಿಷ ಬಿಟ್ಟು, ಕಾಯಿಲಿನ ವಯರನ್ನು ಕಳಚಿಟ್ಟು, ಕಾರ್ಬ್ಯುರೇಟರಿಗೆ ಬರುವ ಪೆಟ್ರೋಲ್ ಪೈಪನ್ನು ಬಿಡಿಸಿ ಡಬ್ಬಿಯೊಳಗೆ ಹಿಡಿದು ಮತ್ತೆ ತಿರುಗಿಸಿದೆವು. (ಈ ಎರಡು ಪರೀಕ್ಷೆಗಳನ್ನು ಎಂದೂ ಒಟ್ಟಿಗೆ ಮಾಡಬಾರದು, ಕಿಡಿಯ ಪರೀಕ್ಷೆ ಮೊದಲು, ಪೈಪು ಮುಚ್ಚಿರುವಾಗಲೇ ಮುಗಿಯಬೇಕು.) ಪೈಪಿನಿಂದ ಪೆಟ್ರೋಲಿನ ಬದಲು ಗುಳ್ಳೆಗಳು ಬಂದವು. ಪೆಟ್ರೋಲು ದಾರಿಯಲ್ಲೇ ಆವಿಯಾಗುತ್ತಿತ್ತು. ಎಂಜಿನ್ನಿಗೆ ಅಂಟಿಕೊಂಡಿರುವ ಯಾಂತ್ರಿಕ ಪಂಪು ದ್ರವವನ್ನು ಎಳೆಯಬಲ್ಲದು, ಆವಿಯನ್ನು ಎಳೆಯಲಾರದು. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಿರುವುದರಿಂದ ಪೆಟ್ರೋಲು ಬೇಗ ಕುದಿಯುತ್ತದೆ. ಸುಮಾರು 78 ಡಿಗ್ರಿಗೆ ಕುದಿಯುವ ಎಥನಾಲ್ ಪೆಟ್ರೋಲಿನ ಹಗುರ ಅಂಶಗಳ ಜೊತೆ ಸೇರಿದಾಗ ಆ ಪ್ರವೃತ್ತಿ ಇನ್ನೂ ಹೆಚ್ಚುತ್ತದೆ. ನಡುವಟ್ಟಂನಲ್ಲಿ ಕಾರನ್ನು ಹೊರಡಿಸಿದ್ದು ಹೊಸ ಕಾಯಿಲಲ್ಲ, ಅದನ್ನು ಹಾಕುವಷ್ಟು ಹೊತ್ತು ಬಾನೆಟ್ ತೆರೆದಿದ್ದದ್ದು.

ಹಿಂದಿನ ಸೀಟಿನಲ್ಲಿದ್ದ ಅಪ್ಪಯ್ಯ ಇಳಿದು ಬಂದು ನೋಡಿ, “ಪಂಪಿಗೆ ಒದ್ದೆ ಬಟ್ಟೆ ಸುತ್ತೋ ಮಾರಾಯ. ನಾವು ಬೇಸಿಗೆಯಲ್ಲಿ ಬೆಂಗಳೂರಿಗೆ ಹೋಗುವಾಗ ಯಾವಾಗಲೂ ಹಾಗೇ ಮಾಡ್ತಿದ್ದದ್ದು” ಎಂದರು. ಹಾಲಿನ ಕ್ಯಾನಿನ ನೀರಿನಲ್ಲಿ ಪಂಚೆಯ ತುಂಡನ್ನು ಅದ್ದಿ ಪಂಪಿಗೂ ಪೈಪಿಗೂ ಸುತ್ತಿದ ಮೂರು ನಾಲ್ಕು ನಿಮಿಷದಲ್ಲಿ ಎಂಜಿನ್ ಹಿಡಿಯಿತು. ಹತ್ತು ಕಿಲೋಮೀಟರಿಗೊಮ್ಮೆ ನೀರು ಹನಿಸುತ್ತ ಸಂಜೆ ಊಟಿ ಸೇರಿದೆವು.

ಮೂರನೆಯ ದಿನ ಊಟಿಯಲ್ಲಿ ಬಿಡುವಾಗಿ ಕುಳಿತು ಪೈಪಿನ ಜಾಡು ಹಿಡಿದು ನೋಡಿದಾಗ ಮೂಲ ಕಾರಣ ಕಂಡಿತು. ಹಳೆಯ ಪೈಪು ಒಂದು ಕ್ಲಿಪ್ಪಿನ ಆಸರೆಯಲ್ಲಿ ಎಂಜಿನ್ ತಲೆಯಿಂದ ಒಂದು ಗೇಣು ದೂರ ಹಾದುಹೋಗುತ್ತಿತ್ತು. ಹೊಸ ಪೈಪು ತುಸು ದಪ್ಪವಾಗಿದ್ದರಿಂದ ಆ ಕ್ಲಿಪ್ಪಿಗೆ ಕೂರದೆ, ನೇರವಾಗಿ ಬಿಸಿ ತಲೆಯ ಪಕ್ಕಕ್ಕೆ ಒರಗಿಕೊಂಡಿತ್ತು. ಅದನ್ನು ಹಾಕಿಸಿದ ಮೇಲೆ ಕಾರನ್ನು ಊರಿನೊಳಗೆ ಹತ್ತು ಕಿಲೋಮೀಟರ್ ಓಡಿಸಿ ತೃಪ್ತನಾಗಿದ್ದವನು ನಾನು. ದೊಡ್ಡ ಕ್ಲಿಪ್ ತಂದು ಪೈಪನ್ನು ಹಳೆಯ ದಾರಿಗೇ ತಿರುಗಿಸಿ, ನಡುವೆ ತಗಡಿನ ಒಂದು ಮರೆ ಕಟ್ಟಿದೆವು. ಆಮೇಲೆ ಒದ್ದೆ ಬಟ್ಟೆಯ ಅಗತ್ಯ ಒಮ್ಮೆಯೂ ಬರಲಿಲ್ಲ.

ಇಳಿತ

ನನ್ನ ಘಾಟಿ ಅನುಭವವೆಲ್ಲ ಆಗುಂಬೆಯದು. ಅಲ್ಲಿ 14 ತಿರುವುಗಳು, ಸೋಮೇಶ್ವರಕ್ಕೆ ಇಳಿಯುವ ಎತ್ತರ ಸುಮಾರು ಐನೂರು ಮೀಟರ್. ಬ್ರೇಕು ಬಿಸಿಯಾಗುವ ಹೊತ್ತಿಗೆ ಘಾಟಿಯೇ ಮುಗಿದಿರುತ್ತದೆ. ಊಟಿಯಿಂದ ಮೆಟ್ಟುಪಾಳಯಂಗೆ ಐವತ್ತು ಕಿಲೋಮೀಟರಿನಲ್ಲಿ ಸುಮಾರು 1,900 ಮೀಟರ್ ಇಳಿಯಬೇಕು. ಜನ ಮತ್ತು ಸಾಮಾನು ಸೇರಿ 1,150 ಕಿಲೋ ದಾಟುವ ಕಾರು ಅಷ್ಟು ಇಳಿದಾಗ ಬಿಡುಗಡೆಯಾಗುವ ಶಕ್ತಿ ಅರವತ್ತು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಬಿಸಿಗೆ ತರಲು ಸಾಕು. ಟೈರು, ಗಾಳಿ ಮತ್ತು ಎಂಜಿನ್ ಅದರಲ್ಲಿ ತಮ್ಮ ಪಾಲು ತೆಗೆದುಕೊಂಡು ಉಳಿದದ್ದೆಲ್ಲ ನಾಲ್ಕು ಡ್ರಮ್ಮುಗಳಿಗೆ ಹೋಗಬೇಕು. ಎಂಜಿನ್ನಿನ ಪಾಲು ಎಷ್ಟಿರಬೇಕು ಎಂಬುದನ್ನು ಓಡಿಸುವವನು ಗೇರಿನ ಮೂಲಕ ತೀರ್ಮಾನಿಸುತ್ತಾನೆ.

ನಾಲ್ಕನೆಯ ದಿನ ಕೂನೂರಿನವರೆಗೆ ಇಳಿತ ಸೌಮ್ಯವಾಗಿದ್ದು, ಮೂರನೆಯ ಗೇರಿನಲ್ಲಿ ಆಗಾಗ ಬ್ರೇಕ್ ಮುಟ್ಟುತ್ತ ಬಂದೆವು. ಆ ಅಭ್ಯಾಸವನ್ನೇ ಕೂನೂರಿನಿಂದ ಕೆಳಗೂ ಮುಂದುವರಿಸಿದ್ದು ನನ್ನ ತಪ್ಪು. “ಹತ್ತಿದ ಗೇರಿನಲ್ಲೇ ಇಳಿಯಬೇಕು ಕಣೋ” ಎಂದು ಅಪ್ಪಯ್ಯ ಎರಡು ಸಲ ಹೇಳಿದರು. ಹಿಂದೆ ಸಾಲುಗಟ್ಟಿದ್ದ ವಾಹನಗಳ ಹಾರ್ನ್ ಕೇಳಿ ನಾನು ಮೂರರಲ್ಲೇ ಇದ್ದೆ. ಬರ್ಲಿಯಾರ್ ತಲುಪುವ ಮೊದಲು ಸುಟ್ಟ ವಾಸನೆ ಬಂತು. ಮುಂದಿನ ತಿರುವಿನಲ್ಲಿ ಪೆಡಲ್ ಎಂದಿಗಿಂತ ಬಹಳ ಕೆಳಗೆ ಹೋಯಿತು, ಎಷ್ಟು ಒತ್ತಿದರೂ ಕಾರು ಬೇಕಾದಷ್ಟು ನಿಧಾನವಾಗಲಿಲ್ಲ. ಎರಡನೆಯ ಗೇರಿಗೆ ಇಳಿಸಿ, ಅಗಲವಾದ ಜಾಗ ಕಂಡಲ್ಲಿ ಬೆಟ್ಟದ ಬದಿಗೆ ನಿಲ್ಲಿಸಿದೆ. ಅಪಾಯವಾಗಲಿಲ್ಲ. ಆದರೆ ಆ ಎರಡು ಮೂರು ಸೆಕೆಂಡುಗಳಲ್ಲಿ ಹಿಂದಿನ ಸೀಟಿನಲ್ಲಿದ್ದ ಮುದಿ ಜೀವದ ಹೊಣೆ ನನ್ನ ಕಾಲಿನಡಿಯಲ್ಲಿದೆ ಎಂಬುದು ನನಗೆ ಸ್ಪಷ್ಟವಾಗಿ ತಿಳಿದಿತ್ತು, ಅದನ್ನು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ.

ಪೆಡಲ್ ಕೆಳಗೆ ಹೋಗುವುದಕ್ಕೆ ಎರಡು ಬೇರೆ ಬೇರೆ ಕಾರಣಗಳಿರುತ್ತವೆ, ಇವನ್ನು ಗುರುತಿಸಲು ಬರಬೇಕು. ಪೆಡಲ್ ಸ್ಪಂಜಿನಂತೆ ಮೆತ್ತಗಾಗಿ ನೆಲ ಮುಟ್ಟಿದರೆ ಎಣ್ಣೆ ಕುದಿದು ಮಾರ್ಗದಲ್ಲಿ ಆವಿ ಸೇರಿದೆ ಎಂದರ್ಥ. ಆಗ ಕಾರನ್ನು ಮುಂದೆ ಓಡಿಸಲೇಬಾರದು. ಪೆಡಲ್ ಕೆಳಗೆ ಹೋದರೂ ಅಲ್ಲಿ ಗಟ್ಟಿಯಾಗಿ ನಿಂತರೆ ಡ್ರಮ್ ಬಿಸಿಯಿಂದ ಹಿಗ್ಗಿ ಶೂಗಳಿಂದ ದೂರ ಸರಿದಿದೆ, ಲೈನಿಂಗಿನ ಹಿಡಿತವೂ ಕಡಿಮೆಯಾಗಿದೆ. ನಮ್ಮದು ಎರಡನೆಯದು. ಮೇಸ್ತ್ರಿ ಹಟ ಹಿಡಿದು ಬದಲಾಯಿಸಿದ ಹೊಸ ಎಣ್ಣೆ ಅಂದು ನಮ್ಮನ್ನು ಕಾಪಾಡಿತು. ಅವರು ಬೇಡವೆಂದರೂ ನಾನು ಹಾಕಿಸಿದ ಹೊಸ ಲೈನಿಂಗ್ ತೊಂದರೆಯನ್ನು ತಂದಿತ್ತು. ಲೈನಿಂಗಿನ ಪುಡಿಗಳನ್ನು ಹಿಡಿದಿಡುವ ಅಂಟು ಮೊದಲ ಬಾರಿ ತೀವ್ರವಾಗಿ ಕಾದಾಗ ಅನಿಲ ಬಿಡುತ್ತದೆ, ಆ ಅನಿಲ ಶೂಗೂ ಡ್ರಮ್ಮಿಗೂ ನಡುವೆ ತೆಳುಪದರವಾಗಿ ನಿಂತು ಹಿಡಿತ ತಪ್ಪಿಸುತ್ತದೆ. ಕೆಲವು ನೂರು ಕಿಲೋಮೀಟರ್ ಓಡಿ, ಹದವಾಗಿ ಕಾದು ತಣಿದು ಪಳಗಿದ ಲೈನಿಂಗಿನಲ್ಲಿ ಈ ದೋಷ ಬಹಳ ಕಡಿಮೆ. ಜೊತೆಗೆ ಹೊಸ ಶೂ ಡ್ರಮ್ಮಿನ ದುಂಡಿಗೆ ಪೂರ್ತಿ ಕೂತಿರುವುದಿಲ್ಲ, ಅಲ್ಲಲ್ಲಿ ಮಾತ್ರ ತಾಗಿ ಅಲ್ಲಿಯೇ ವಿಪರೀತ ಕಾಯುತ್ತದೆ.

ಕಾರನ್ನು ಗೇರಿನಲ್ಲಿ ಬಿಟ್ಟು, ಚಕ್ರಗಳಿಗೆ ಮರದ ತುಂಡು ಕೊಟ್ಟು, ಮುಕ್ಕಾಲು ಗಂಟೆ ಕಾದೆವು. ದಾರಿಹೋಕರೊಬ್ಬರು ಡ್ರಮ್ಮಿಗೆ ನೀರು ಹಾಕಿ ಎಂದು ಸಲಹೆ ಕೊಟ್ಟರು. ಕಾದ ಬೀಡುಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಬಿರಿಯುವ ಸಂಭವವಿರುವುದರಿಂದ ಹಾಕಲಿಲ್ಲ. ಪೆಡಲ್ ಮೊದಲಿನ ಎತ್ತರಕ್ಕೆ ಮರಳಿದ ಮೇಲೆ ಎರಡನೆಯ ಗೇರಿನಲ್ಲಿ, ಕಡಿದಾದ ಕಡೆಗಳಲ್ಲಿ ನಿಲ್ಲಿಸಿ ಮೊದಲನೆಯದಕ್ಕೆ ಹಾಕಿಕೊಂಡು ಇಳಿದೆವು. ಬ್ರೇಕನ್ನು ಸಣ್ಣಗೆ ಒತ್ತುತ್ತಲೇ ಇರುವ ಬದಲು, ತಿರುವಿಗೆ ಮೊದಲು ಒಮ್ಮೆ ಗಟ್ಟಿಯಾಗಿ ಒತ್ತಿ ಪೂರ್ತಿ ಬಿಡುತ್ತಿದ್ದೆ; ನಡುವೆ ಡ್ರಮ್ಮಿಗೆ ತಣಿಯಲು ಸಮಯ ಸಿಗುತ್ತಿತ್ತು. ಹಿಂದಿನ ವಾಹನಗಳಿಗೆ ಜಾಗ ಸಿಕ್ಕಲ್ಲೆಲ್ಲ ಬದಿಗೆ ಸರಿದು ದಾರಿ ಬಿಟ್ಟೆವು. ಮೆಟ್ಟುಪಾಳಯಂವರೆಗೆ ವಾಸನೆ ಮತ್ತೆ ಬರಲಿಲ್ಲ.

ದಿಂಬಂ ಮತ್ತು ಮನೆ

ಐದನೆಯ ದಿನ ಬೆಳಗಿನ ತಂಪಿನಲ್ಲಿ ಬಣ್ಣಾರಿ ಅಮ್ಮನಿಗೆ ಕೈಮುಗಿದು ದಿಂಬಂ ಘಾಟಿ ಹತ್ತಿದೆವು. ಅಲ್ಲಿ 27 ಹೇರ್‌ಪಿನ್ ತಿರುವುಗಳು, ಜೊತೆಗೆ ಭಾರದ ಲಾರಿಗಳ ಓಡಾಟ. ಉದ್ದನೆಯ ಲಾರಿಗೆ ತಿರುವಿನ ಇಡೀ ಅಗಲ ಬೇಕು. ಕಿರಿದಾದ ಬೆಟ್ಟದ ದಾರಿಯಲ್ಲಿ ಇಳಿಯುವ ವಾಹನ ಏರುವ ವಾಹನಕ್ಕೆ ದಾರಿ ಬಿಡಬೇಕೆಂಬುದು ನಿಯಮ, ಆದರೆ ಅದನ್ನು ನಂಬಿಕೊಂಡು ತಿರುವಿನ ಮಧ್ಯದಲ್ಲಿ ಸಿಕ್ಕಿಕೊಂಡರೆ ಈ ಕಾರಿಗೆ ಕಷ್ಟ, ಏಕೆಂದರೆ ಅಲ್ಲಿ ಮೊದಲನೆಯ ಗೇರು ಬೀಳಲು ಪೂರ್ತಿ ನಿಲ್ಲಬೇಕು, ನಿಂತ ಮೇಲೆ ಕಡಿದಾದ ಏರಿನಲ್ಲಿ ಕ್ಲಚ್ ಸುಡದೆ ಹೊರಡಬೇಕು. ಹಾಗಾಗಿ ಭಾವ ಕಿಟಕಿಯಿಂದ ಮೇಲಿನ ರಸ್ತೆ ನೋಡುತ್ತ, ಲಾರಿ ಕಂಡರೆ ಕೈ ಎತ್ತುತ್ತಿದ್ದರು; ನಾವು ತಿರುವಿನ ಕೆಳಗೆ, ಸಮತಟ್ಟಿರುವಲ್ಲಿಯೇ ಕಾದು ಅದು ಹೋದ ಮೇಲೆ ಮೊದಲನೆಯ ಗೇರಿನಲ್ಲಿ ಏರುತ್ತಿದ್ದೆವು. ಪೆಟ್ರೋಲ್ ಒಮ್ಮೆಯೂ ಆವಿಗಟ್ಟಲಿಲ್ಲ. ಹಾಸನೂರಿನ ಕಾಡು ದಾಟಿ ಚಾಮರಾಜನಗರದ ಬಯಲು ಕಂಡಾಗ ಅಪ್ಪಯ್ಯ ನಿದ್ದೆ ಹೋಗಿದ್ದರು.

ಊರಿಗೆ ಬಂದ ವಾರ ಮೇಸ್ತ್ರಿ ನಾಲ್ಕೂ ಡ್ರಮ್ಮುಗಳನ್ನು ಬಿಚ್ಚಿದರು. ಮುಂದಿನ ಎರಡು ಚಕ್ರಗಳ ಲೈನಿಂಗ್ ಗಾಜಿನಂತೆ ಹೊಳೆಯುತ್ತಿತ್ತು, ಶೂವಿನ ಮೂರನೆಯ ಒಂದು ಭಾಗ ಮಾತ್ರ ಡ್ರಮ್ಮಿಗೆ ತಾಗಿದ ಗುರುತಿತ್ತು. ಉಪ್ಪುಕಾಗದದಿಂದ ಉಜ್ಜಿ ಹೊಳಪು ತೆಗೆದು, ಆಮೇಲೆ ಒಂದು ತಿಂಗಳು ಕೊಪ್ಪದ ದಾರಿಯಲ್ಲಿಯೂ ಆಗುಂಬೆಯಲ್ಲಿಯೂ ಓಡಿಸಿ ಪಳಗಿಸಿದೆವು. ಮುಂದಿನ ಪ್ರವಾಸಕ್ಕೆ ಯಾವ ಕೆಲಸವಿದ್ದರೂ ಹೊರಡುವುದಕ್ಕೆ ಒಂದು ತಿಂಗಳ ಮೊದಲೇ ಮುಗಿಸಿ, ಕನಿಷ್ಠ ಐನೂರು ಕಿಲೋಮೀಟರ್ ಹತ್ತಿರದ ಘಾಟಿಗಳಲ್ಲಿ ಓಡಿಸಿ ನೋಡುವುದೆಂದು ಮಾತಾಗಿದೆ. ನಡುವಟ್ಟಂನಲ್ಲಿ ಕಿತ್ತಿದ್ದ ಹಳೆಯ ಕಾಯಿಲನ್ನು ಮೇಸ್ತ್ರಿ ಬೆಂಚಿನ ಮೇಲಿಟ್ಟು, ಚೆನ್ನಾಗಿ ಕಾಯಿಸಿ ಪರೀಕ್ಷಿಸಿದರು. ಅದರಲ್ಲಿ ಯಾವ ದೋಷವೂ ಇರಲಿಲ್ಲ. ಅದನ್ನೇ ಮತ್ತೆ ಕಾರಿಗೆ ಹಾಕಿಸಿದ್ದೇನೆ, ಹೊಸದು ಡಿಕ್ಕಿಯಲ್ಲಿದೆ.